ಜೂನ್ ಒಂದರ ಮಕ್ಕಳು

ಹೋದ ತಿಂಗಳು ಹುನಗುಂದದಲ್ಲಿ ಬಸ್ಸು ಹತ್ತಿ ಕೂತಿದ್ದೆ. ಪಕ್ಕದಲ್ಲಿದ್ದ ಹೆಂಗಸು ತಲೆನೋವೆಂದು ಚೀಲದಿಂದ ಮುಲಾಮಿನ ಡಬ್ಬಿ ತೆಗೆದು ಹಣೆಗೆ ಹಚ್ಚಿಕೊಂಡಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಎಡಗಣ್ಣಿನಿಂದ ನೀರು ಸುರಿಯತೊಡಗಿತು. ಪಾಪ, ಆಕೆ ಗಾಬರಿಯಾಗಿ "ಯಾಕವ್ವಾ, ಮನ್ಯಾಗ ಏನರ ಆಗೇತೇನ?" ಎಂದು ನನ್ನ ಬೆನ್ನು ಸವರಿದಳು. ಏನೆಂದು ಹೇಳುವುದು? ಮನೆಯಲ್ಲಿ ಏನೂ ಆಗಿರಲಿಲ್ಲ. ಆದದ್ದೆಲ್ಲ ಎಂಟು ವರ್ಷದ ಹಿಂದೆ ಆಗಿಹೋಗಿತ್ತು. ಇಳಕಲ್ಲು ಬರುವವರೆಗೂ ನನಗೆ ನೆನಪಾಗುತ್ತಿದ್ದದ್ದು ನಮ್ಮ ಸಾಲಿಯ ಅಕ್ಕೋರು.

ಅವರು ನಮ್ಮೂರ ಕನ್ನಡ ಸಾಲಿಯ ಹೆಡ್ ಮಾಸ್ತರು. ಹೆಂಗಸಾದರೂ ಊರವರು ಅವರನ್ನು ಹಾಗೇ ಕರೆಯುತ್ತಿದ್ದರು, ನಾವು ಮಕ್ಕಳು ಮಾತ್ರ ಅಕ್ಕೋರು ಎನ್ನುತ್ತಿದ್ದೆವು. ನಮ್ಮೂರು ಇಳಕಲ್ಲಿಗೂ ಗುಡೂರಿಗೂ ನಡುವಿನ ಸಣ್ಣ ಊರು. ಅರ್ಧ ಮನೆಗಳಲ್ಲಿ ಹೊಲ, ಅರ್ಧ ಮನೆಗಳಲ್ಲಿ ಮಗ್ಗ. ನಮ್ಮದು ಮಗ್ಗದ ಮನೆ. ಅಕ್ಕೋರು ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಎಳೆದುಕೊಂಡು, ಗಂಜಿ ಹಾಕಿದ ಸೀರೆಯನ್ನು ಎತ್ತಿ ಕಟ್ಟಿ ಬರುತ್ತಿದ್ದರು. ಗಡಿಯಾರವನ್ನು ಮುಂಗೈಯ ಒಳಮಗ್ಗಲಿಗೆ ಕಟ್ಟುತ್ತಿದ್ದರು. ಸಿಟ್ಟು ಅಂದರೆ ಸಿಟ್ಟು! ಅಂಗಳದಲ್ಲಿ ಒಮ್ಮೆ ಕೆಮ್ಮಿದರೆ ಏಳೂ ಕೋಣೆಗಳು ಗಪ್ ಚಿಪ್.

ಸಾಲಿಗೆ ನನ್ನ ಹೆಸರು ಹಚ್ಚಿದ ದಿನ ನನಗೆ ನೆನಪಿಲ್ಲ, ಅವ್ವ ಹೇಳಿ ಹೇಳಿ ನೆನಪಾಗಿದೆ. ಆ ದಿನ ನನ್ನ ಅಕ್ಕನ ಹೆಸರು ಹಚ್ಚಲು ಹೋಗಿದ್ದಂತೆ. ನಾನು ಅಕ್ಕನ ಲಂಗ ಹಿಡಿದು ಜೋತುಬಿದ್ದು ಅತ್ತೆನಂತೆ. ಅವ್ವ ದಿನವೆಲ್ಲ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವವಳು. ಅಕ್ಕ ಸಾಲಿಗೆ ಹೋದರೆ ನನ್ನನ್ನು ನೋಡಿಕೊಳ್ಳುವವರಿರಲಿಲ್ಲ. ನಾನೂ ಅವ್ವನ ಪಕ್ಕದಲ್ಲಿ ಕೂತು ಕಂಡಿಕೆ ಸುತ್ತುವುದನ್ನೇ ಕಲಿಯುತ್ತಿದ್ದೆ. ಆಮೇಲೆ ಅಲ್ಲಿಂದ ಏಳುವುದಿತ್ತೋ ಇಲ್ಲವೋ... ನಮ್ಮ ಓಣಿಯಲ್ಲಿ ಹಾಗೆ ಕೂತು ಏಳದ ಹುಡುಗಿಯರು ಬೇಕಾದಷ್ಟಿದ್ದರು. ಅಕ್ಕೋರು ನನ್ನನ್ನು ಎದುರಿಗೆ ನಿಲ್ಲಿಸಿ, "ಬಲಗೈ ತಲಿ ಮ್ಯಾಲಿಂದ ಹಾಯಿಸಿ ಎಡಗಿವಿ ಮುಟ್ಟು, ನೋಡೂಣು" ಎಂದರಂತೆ. ವಯಸ್ಸು ಗೊತ್ತಿಲ್ಲದ ಮಕ್ಕಳಿಗೆ ಹಿಂದಿನ ಕಾಲದ ಪರೀಕ್ಷೆ ಅದು. ಕೈ ಕಿವಿ ಮುಟ್ಟಿದರೆ ಆರು ವರ್ಷ ತುಂಬಿದೆ ಎಂದು ಲೆಕ್ಕ. ನನ್ನ ಕೈ ನೆತ್ತಿಯನ್ನೂ ದಾಟಲಿಲ್ಲ. ನನಗಾಗ ನಾಲ್ಕು ತುಂಬಲು ಇನ್ನೂ ಎರಡು ತಿಂಗಳಿತ್ತು. ಅಕ್ಕೋರು ನನ್ನ ತಲೆಯನ್ನೇ ಮೆಲ್ಲಗೆ ವಾಲಿಸಿ, ಕಿವಿಯನ್ನು ಬೆರಳಿಗೆ ಮುಟ್ಟಿಸಿ, "ಹಾಂ, ಮುಟ್ಟಿತು" ಎಂದು ರಜಿಸ್ಟರಿನಲ್ಲಿ ಆರು ವರ್ಷ ಬರೆದುಬಿಟ್ಟರು. ಜನ್ಮದಿನಾಂಕ ಜೂನ್ ಒಂದು.

ಜೂನ್ ಒಂದು ಯಾಕೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಹುಟ್ಟಿದ ತಾರೀಖು ತಂದು ಕೊಡುವವರು ಊರಲ್ಲಿ ಯಾರಿದ್ದರು? ಉಗಾದಿ ಹಿಂದಿನ ಸೋಮವಾರ, ಗುಳ್ಳವ್ವನ ಹಬ್ಬಕ್ಕೆ ಮಣ್ಣು ತಂದ ದಿನ, ದೊಡ್ಡ ಎಮ್ಮೆ ಈದ ಮರುದಿನ, ಹೀಗೆ ಹೇಳುತ್ತಿದ್ದರು. ಅದನ್ನು ರಜಿಸ್ಟರಿನಲ್ಲಿ ಬರೆಯಲು ಬರುತ್ತದೆಯೇ? ಸಾಲಿ ಸುರುವಾಗುವ ತಿಂಗಳಿಗೆ ವಯಸ್ಸು ಸರಿಹೊಂದಲಿ ಎಂದು ಎಲ್ಲರಿಗೂ ಜೂನ್ ಒಂದು ಬರೆಯುತ್ತಿದ್ದರು. ನಮ್ಮ ವರ್ಗದ ಮುಕ್ಕಾಲು ಮಕ್ಕಳು ಒಂದೇ ದಿನ ಹುಟ್ಟಿದವರು. ಅವರ ಅಪ್ಪಂದಿರೂ ಜೂನ್ ಒಂದಕ್ಕೇ ಹುಟ್ಟಿದವರು. ಅದರಿಂದ ಯಾರಿಗೂ ಏನೂ ಕೆಟ್ಟದ್ದಾಗಿರಲಿಲ್ಲ, ಸಿನಿಮಾದವರು ಬರುವವರೆಗೆ.

ಅವರು ಬಂದದ್ದು ನಾನು ಎಂಟನೇ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ. ಮೊದಲು ಪಟ್ಟದಕಲ್ಲಿನಲ್ಲಿ ಎರಡು ದಿನ ಹಾಡು ತೆಗೆದು, ಆಮೇಲೆ ನಮ್ಮೂರಿಗೆ ಬಂದು ಇಳಿದರು. ಸಿನಿಮಾದ ಕಥೆ ಏನು ಗೊತ್ತೇ? ಮಗ್ಗಕ್ಕೆ ದುಡಿಯಲು ಹಾಕಿದ ಒಬ್ಬ ಹುಡುಗಿಯನ್ನು ಬಿಡಿಸಿ ಸಾಲಿಗೆ ಸೇರಿಸುವುದು! ಮಕ್ಕಳ ದುಡಿಮೆ ನಿಲ್ಲಬೇಕು ಎಂದು ಸಮಾಜಕ್ಕೆ ಬುದ್ಧಿ ಹೇಳುವ ಸಿನಿಮಾ. ನಮ್ಮ ವರ್ಗದಿಂದ ಐದು ಮಕ್ಕಳನ್ನು ಆರಿಸಿದರು. ಆ ಹುಡುಗಿಯ ಪಾತ್ರ ನನಗೆ ಬಂತು. ನನ್ನ ಅಪ್ಪ ನನ್ನನ್ನು ಒಂದು ದಿನವೂ ಮಗ್ಗದ ಕುಣಿಗೆ ಇಳಿಸಿದವನಲ್ಲ. ನೇಕಾರ ಕಾಲು ಇಳಿಬಿಟ್ಟು ಕೂರುವ ಆ ತಗ್ಗಿಗೆ ನಾನು ಜೀವನದಲ್ಲಿ ಮೊದಲ ಸಲ ಇಳಿದದ್ದು, ಮಕ್ಕಳನ್ನು ಮಗ್ಗದಿಂದ ಬಿಡಿಸುವ ಸಿನಿಮಾಕ್ಕಾಗಿ. ಇದನ್ನು ನೆನೆದರೆ ಈಗಲೂ ನಗಬೇಕೋ ಉಗುಳಬೇಕೋ ತಿಳಿಯುವುದಿಲ್ಲ.

ಅಕ್ಕೋರು ಸುಮ್ಮನೆ ಮಕ್ಕಳನ್ನು ಕಳಿಸುವವರಲ್ಲ. "ಪರವಾನಗಿ ಎಲ್ಲೈತ್ರಿ?" ಎಂದು ಮೊದಲ ದಿನವೇ ಕೇಳಿದರು. ಹದಿನಾಲ್ಕು ತುಂಬದ ಮಕ್ಕಳನ್ನು ಸಿನಿಮಾದಲ್ಲಿ ಹಾಕಿಕೊಳ್ಳಬೇಕಾದರೆ ಜಿಲ್ಲೆಯ ದೊಡ್ಡ ಸಾಹೇಬರ ಅಪ್ಪಣೆ ಬೇಕು, ದಿನಕ್ಕೆ ಐದು ತಾಸಿಗಿಂತ ಹೆಚ್ಚು ದುಡಿಸುವಂತಿಲ್ಲ, ಮೂರು ತಾಸಿಗೊಮ್ಮೆ ವಿಶ್ರಾಂತಿ ಕೊಡಬೇಕು, ಐದು ಮಕ್ಕಳಿಗೆ ಒಬ್ಬರು ಜವಾಬ್ದಾರಿಯವರು ಹತ್ತಿರವೇ ಇರಬೇಕು. ಇದೆಲ್ಲ ಅಪ್ಪಣೆಯ ಕಾಗದದ ಜೊತೆಗೇ ಇತ್ತು. ಅಕ್ಕೋರು ಅದನ್ನು ಕಟ್ಟೆಯ ಮೇಲೆ ಕೂತು ಅಕ್ಷರ ಬಿಡದೆ ಓದಿದರು. ಸಿನಿಮಾದ ಮ್ಯಾನೇಜರ್ ಬೆಂಗಳೂರಿನವನು, ನಯವಾದ ಮಾತಿನವನು. ಜವಾಬ್ದಾರಿಯವರು ಎಂಬ ಜಾಗದಲ್ಲಿ ಅಕ್ಕೋರದೇ ಹೆಸರು ಬರೆಸಿದ. ಹಳ್ಳಿಯ ಮುದುಕಿ, ಎರಡು ದಿನ ಚಹ ಕುಡಿದು ಮೂರನೆಯ ದಿನ ಮನೆಗೆ ಹೋಗುತ್ತಾಳೆ ಎಂದುಕೊಂಡಿರಬೇಕು.

ಅಲ್ಲೇ ಅವನು ಲೆಕ್ಕ ತಪ್ಪಿದ. ಅಕ್ಕೋರು ಸಾಲಿಗೆ ಸೂಟಿ ಇದ್ದರೂ ದಿನಾ ಬಂದು ಕುರ್ಚಿ ಹಾಕಿಕೊಂಡು ಕೂತರು. ಮೂರು ತಾಸಾದೊಡನೆ ಎದ್ದು ನಿಲ್ಲುತ್ತಿದ್ದರು. ಐದಾಯಿತೆಂದರೆ ಮುಗಿಯಿತು, ಕ್ಯಾಮೆರಾ ತಿರುಗುತ್ತಿದ್ದರೂ ಸರಿ, ನಡುವೆ ನುಗ್ಗಿ "ಐದು ತಾಸ ಆತು. ಏಳ್ರಿ, ಮನಿಗಿ ನಡೀರಿ" ಎಂದು ನಮ್ಮನ್ನು ಎಬ್ಬಿಸುತ್ತಿದ್ದರು. ಡೈರೆಕ್ಟರು ಟೊಪ್ಪಿಗೆ ನೆಲಕ್ಕೆ ಒಗೆಯುತ್ತಿದ್ದ. ನಾನು ಅಳುವ ದೃಶ್ಯಗಳಿಗಾಗಿ ಕಣ್ಣಿನ ಕೆಳಗೆ ತಲೆನೋವಿನ ಮುಲಾಮು ಹಚ್ಚುತ್ತಿದ್ದರು. ಅಕ್ಕೋರು ಅದಕ್ಕೂ ಒಂದು ಗೆರೆ ಎಳೆದರು. ದಿನಕ್ಕೆ ಒಂದೇ ಸಲ, ಅದೂ ತಾವೇ ಹಚ್ಚುತ್ತಿದ್ದರು, ಕಡಲೆಬೇಳೆಯಷ್ಟು. ಹಚ್ಚುವಾಗ ಬಾಯಲ್ಲಿ ಬೈಗುಳ ಬೇರೆ. ನನಗೋ ಸಿಟ್ಟು. ನಾನು ದೊಡ್ಡ ನಟಿಯಾಗುವುದಕ್ಕೆ ಈ ಮುದುಕಿಯೇ ಅಡ್ಡ ಎಂದು ಗೆಳತಿಯರ ಮುಂದೆ ಅಂದದ್ದೂ ಉಂಟು.

ಹೀಗಾಗಿ ಬೇಸಿಗೆ ಸೂಟಿಯಲ್ಲಿ ಮುಗಿಯಬೇಕಾದ ಸಿನಿಮಾ ಮುಗಿಯಲಿಲ್ಲ, ಜೂನ್ ಬಂತು.

ಒಂದನೇ ತಾರೀಖು ಮುಂಜಾನೆ ನಾವು ಹೋದಾಗ ಟೇಬಲ್ಲಿನ ಮೇಲೆ ಒಂದು ದೊಡ್ಡ ಕೇಕು ಇತ್ತು. ಅದರ ಮೇಲೆ ನಮ್ಮ ಐದೂ ಜನರ ಹೆಸರು. ನಮ್ಮಲ್ಲಿ ಯಾರೂ ಅದುವರೆಗೆ ಹುಟ್ಟುಹಬ್ಬಕ್ಕೆ ಕೇಕು ಕತ್ತರಿಸಿದವರಲ್ಲ. ಕುಣಿದುಬಿಟ್ಟೆವು! ಎಲ್ಲರೂ ಚಪ್ಪಾಳೆ ತಟ್ಟಿದರು. ಮ್ಯಾನೇಜರ್ ಮೊದಲ ತುಂಡನ್ನು ತಟ್ಟೆಯಲ್ಲಿಟ್ಟು ಅಕ್ಕೋರ ಕೈಗೆ ಕೊಟ್ಟು, ನಮ್ಮ ಸಾಲಿಯ ರಜಿಸ್ಟರಿನ ನಕಲನ್ನು ಜೇಬಿನಿಂದ ತೆಗೆದ.

"ಮೇಡಂ, ಇವತ್ತಿಗೆ ಎಲ್ಲರಿಗೂ ಹದಿನಾಲ್ಕು ತುಂಬಿತು. ಕಾನೂನಿನ ಪ್ರಕಾರ ಇನ್ನು ಇವರ್ಯಾರೂ ಮಕ್ಕಳಲ್ಲ. ಐದು ಗಂಟೆ ಲೆಕ್ಕನೂ ಇಲ್ಲ, ಪರ್ಮಿಷನ್ನೂ ಬೇಡ. ನಿಮಗೆ ಇಷ್ಟು ದಿನ ತುಂಬಾ ತೊಂದರೆ ಕೊಟ್ವಿ" ಎಂದು ಕೈಮುಗಿದ.

ಅಕ್ಕೋರು ಆ ನಕಲನ್ನು ನೋಡಿದರು. ಅವರದೇ ಕೈಬರಹ. ಕೇಕಿನ ತಟ್ಟೆಯನ್ನು ಟೇಬಲ್ಲಿನ ಮೇಲಿಟ್ಟು ಹೊರಟುಹೋದರು. ಅವರು ಮಾತಾಡದೆ ಹೋದದ್ದನ್ನು ನಾನು ಮೊದಲ ಸಲ ನೋಡಿದೆ. ನಮಗೆ ಕೇಕಿನ ಮೇಲೆ ಜೀವ ಇತ್ತು, ಯಾರೂ ಅವರ ಹಿಂದೆ ಹೋಗಲಿಲ್ಲ.

ಆ ದಿನದಿಂದ ಮುಂಜಾನೆ ಏಳಕ್ಕೆ ಸುರು ಮಾಡಿದರೆ ಹೊತ್ತು ಮುಳುಗುವವರೆಗೆ ಬಿಡುತ್ತಿರಲಿಲ್ಲ. ಉಳಿದ ನಾಲ್ವರಿಗೆ ಕೆಲಸ ಕಡಿಮೆ ಇತ್ತು, ನಾನು ಮಾತ್ರ ದಿನವಿಡೀ ಕುಣಿಯಲ್ಲಿ. ಸೊಂಟ ಮುರಿಯುತ್ತಿತ್ತು. ಒಂಬತ್ತನೇ ಇಯತ್ತೆಗೆ ಹೆಸರು ಹಚ್ಚಲು ಹೈಸ್ಕೂಲಿಗೆ ಹೋಗಬೇಕಿತ್ತು, ಅದೂ ಆಗಲಿಲ್ಲ. ಮುಲಾಮನ್ನು ಹಚ್ಚುವ ಕೆಲಸ ಈಗ ಯಾರೋ ಒಬ್ಬ ಹುಡುಗನ ಪಾಲಾಗಿತ್ತು. ಪ್ರತಿ ಶಾಟಿಗೂ ಬೆರಳ ತುಂಬ ತೆಗೆದು ಬಳಿಯುತ್ತಿದ್ದ. ನಾಲ್ಕನೆಯ ದಿನ ಅದು ಎಡಗಣ್ಣಿನ ಒಳಗೇ ಹೋಯಿತು. ಕಣ್ಣಿಗೆ ಕೆಂಡ ಇಟ್ಟಂತಾಯಿತು. ಸಂಜೆಯ ಹೊತ್ತಿಗೆ ಬಾತು ಮುಚ್ಚಿಹೋಯಿತು. ಮರುದಿನ ನಾನು ಹಾಗೇ ಹೋದೆ. ಡೈರೆಕ್ಟರು ನನ್ನ ಮುಖ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ತುಂಬಾ ನ್ಯಾಚುರಲ್ ಆಗಿದೆ, ಹೀಗೇ ಇರಲಿ" ಎಂದ. ಈ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಹನ್ನೆರಡು ತುಂಬದ ಹುಡುಗಿಯ ಬಾತ ಕಣ್ಣು ಅವನಿಗೆ ನ್ಯಾಚುರಲ್ ಆಗಿ ಕಂಡಿತು!

ಶೂಟಿಂಗ್ ನೋಡಲು ಬಂದಿದ್ದ ನನ್ನ ಅಕ್ಕನಿಗೆ ತಡೆಯಲಾಗಲಿಲ್ಲ. ಓಡಿಹೋಗಿ ಅಕ್ಕೋರನ್ನು ಕರೆತಂದಳು. ಅವರು ಬಂದ ರಭಸಕ್ಕೆ ಲೈಟಿನ ಹುಡುಗರು ತಾವಾಗಿಯೇ ದಾರಿ ಬಿಟ್ಟರು. ನೆಟ್ಟಗೆ ಬಂದು ನನ್ನ ರಟ್ಟೆ ಹಿಡಿದು ಕುಣಿಯಿಂದ ಮೇಲೆತ್ತಿದರು. ಮ್ಯಾನೇಜರ್ ಅಡ್ಡ ಬಂದ. ಹುಡುಗಿಗೆ ಹದಿನಾಲ್ಕಾಗಿದೆ, ನೀವು ಯಾರು ಕೇಳೋಕೆ ಎಂದ.

"ನಾ ಯಾರು? ಆ ರಜಿಸ್ಟರ್ ಬರದಾಕಿ ಅದೇನಿ. ಈಕಿಗಿನ್ನೂ ಹನ್ನೆರಡು ತುಂಬಿಲ್ಲ. ಎರಡು ವರ್ಷ ಹೆಚ್ಚಿಗಿ ನಾನ ಬರದೇನಿ, ಸುಳ್ಳು ಬರದೇನಿ" ಎಂದರು ಅಕ್ಕೋರು, ಇಡೀ ಊರು ಕೇಳುವಂತೆ.

ಅವನು ನಕ್ಕ. "ಹಾಗಂತ ಬರೆದುಕೊಡ್ತೀರಾ ಮೇಡಂ? ನೌಕರಿ ಹೋಗುತ್ತೆ."

"ಪೆನ್ನು ಕೊಡು" ಎಂದರು.

ಅಲ್ಲೇ ಕೂತು ಬರೆದರು. ಒಂದು ಪ್ರತಿ ಕಾರ್ಮಿಕ ಇಲಾಖೆಗೆ, ಇನ್ನೊಂದು ತಮ್ಮದೇ ಇಲಾಖೆಗೆ. ಅವರ ನಿವೃತ್ತಿಗೆ ಆಗ ಎಂಟೇ ತಿಂಗಳಿತ್ತು. ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಶಾಲು ಹೊದೆಸಿಕೊಂಡು, ಟ್ರ್ಯಾಕ್ಟರಿನಲ್ಲಿ ಹಲಗೆ ಬಾರಿಸುತ್ತ ಊರೆಲ್ಲ ಮೆರವಣಿಗೆ ಮಾಡಿಸಿಕೊಂಡು ಮನೆಗೆ ಹೋಗಬಹುದಿತ್ತು. ಬರೆದು ಮುಗಿಸಿ ನನ್ನನ್ನು ಇಳಕಲ್ಲಿನ ಕಣ್ಣಿನ ದವಾಖಾನಿಗೆ ಕರೆದುಕೊಂಡು ಹೋದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಒದ್ದೆ ಸೆರಗನ್ನು ನನ್ನ ಕಣ್ಣಿಗೆ ಒತ್ತಿ ಹಿಡಿದಿದ್ದರು. ಬೈಯಲಿಲ್ಲ...

ಮೂರು ದಿನಕ್ಕೆ ಜೀಪಿನಲ್ಲಿ ಕಾರ್ಮಿಕ ಇಲಾಖೆಯ ಸಾಹೇಬರು ಬಂದರು. ಆ ಮೂರು ದಿನ ಮ್ಯಾನೇಜರ್ ನಮ್ಮ ಮನೆಯಲ್ಲೇ ಠಿಕಾಣಿ ಹಾಕಿದ್ದ. ಅಪ್ಪನಿಗೆ ಏನು ಹೇಳಿದನೋ ಗೊತ್ತಿಲ್ಲ, ನನಗೆ ಹೇಳಿದ್ದು ಗೊತ್ತಿದೆ. ಹನ್ನೆರಡು ಅಂದರೆ ನಿನ್ನ ದೃಶ್ಯಗಳನ್ನೆಲ್ಲ ಕಿತ್ತುಹಾಕಿ ಬೇರೆ ಹುಡುಗಿಯನ್ನು ಹಾಕುತ್ತಾರೆ, ಹದಿನಾಲ್ಕು ಅಂದರೆ ಇಳಕಲ್ ಬಸ್‌ಸ್ಟ್ಯಾಂಡಿನ ಎದುರಿಗೆ ನಿನ್ನ ಮುಖದ ಪೋಸ್ಟರ್ ಬರುತ್ತದೆ ಎಂದಿದ್ದ.

ಸಾಲಿಯ ಕೋಣೆಯಲ್ಲಿ ಸಾಹೇಬರು ಕೂತಿದ್ದರು. ಅಕ್ಕೋರು ನಿಂತಿದ್ದರು. ಅವರು ಹೆಡ್ ಮಾಸ್ತರಾಗಿದ್ದ ಸಾಲಿಯಲ್ಲೇ ಅವರಿಗೆ ಯಾರೂ ಕೂಡ್ರಿ ಅನ್ನಲಿಲ್ಲ. ಅವ್ವನ ಪೆಟ್ಟಿಗೆಯಲ್ಲಿದ್ದ ತಾಯಿ ಕಾರ್ಡನ್ನು, ಅಂದರೆ ಹೆರಿಗೆಯ ಹೊತ್ತಿಗೆ ಸರ್ಕಾರಿ ದವಾಖಾನಿಯಲ್ಲಿ ಕೊಟ್ಟ ಕಾರ್ಡನ್ನು, ಅಕ್ಕೋರು ಇಸಿದುಕೊಂಡು ಬಂದು ಮೇಜಿನ ಮೇಲೆ ಇಟ್ಟರು. ಅದರಲ್ಲಿ ನಾನು ಹುಟ್ಟಿದ ಖರೆ ತಾರೀಖು ಇತ್ತು. ಆದರೆ ಹುಟ್ಟಿದ ದಿನ ಕೂಸಿಗೆ ಹೆಸರು ಎಲ್ಲಿರುತ್ತದೆ? 'ಹೆಣ್ಣು' ಎಂದಷ್ಟೇ ಬರೆದಿದ್ದರು. "ಹೆಣ್ಣು ಅಂದ್ರ ಯಾವ ಹೆಣ್ಣು? ಈಕಿನ ಅಂತ ಹೆಂಗ ನಂಬೂದು?" ಎಂದು ಸಾಹೇಬರು ಕಾರ್ಡನ್ನು ಸರಿಸಿದರು. ಅವ್ವ ಬಾಗಿಲ ಹೊರಗೆ ನಿಂತಿದ್ದಳು. ಹೆತ್ತವಳನ್ನು ಒಂದು ಮಾತು ಒಳಗೆ ಕರೆದು ಕೇಳಬೇಕೆಂದು ಅಲ್ಲಿ ಯಾರಿಗೂ ತೋಚಲಿಲ್ಲ. ನನ್ನ ಕಣ್ಣಿನ ಮೇಲೆ ಅಂಗೈಯಗಲ ಬಿಳಿ ಪಟ್ಟಿ ಇತ್ತು. ಅದೇನೆಂದು ಕೂಡ ಕೇಳಲಿಲ್ಲ. ನನ್ನನ್ನು ಹತ್ತಿರ ಕರೆದು ಕೇಳಿದ್ದು ಒಂದೇ ಮಾತು, ನಿನಗೆ ವಯಸ್ಸೆಷ್ಟು?

ನಾನು ಅಕ್ಕೋರ ಕಡೆ ನೋಡಲಿಲ್ಲ. "ಹದಿನಾಲ್ಕರಿ" ಎಂದೆ.

ಆಯಿತು, ವಿಚಾರಣೆ ಮುಗಿಯಿತು. ಸಾಹೇಬರು ಬರೆದುಕೊಂಡು ಎದ್ದರು. ಮರುದಿನ ನಾನು ಮತ್ತೆ ಕುಣಿಗೆ ಇಳಿದೆ. ಒಂದು ವಾರದಲ್ಲಿ ಸಿನಿಮಾದವರು ಲೈಟು ಕಟ್ಟಿಕೊಂಡು ಹೋದರು. ಪೋಸ್ಟರೂ ಬರಲಿಲ್ಲ, ಗೀಸ್ಟರೂ ಬರಲಿಲ್ಲ. ಆ ಸಿನಿಮಾ ನಮ್ಮ ಕಡೆಯ ಯಾವ ಟಾಕೀಜಿಗೂ ಬರಲಿಲ್ಲ. ಎಲ್ಲಿಯೋ ತೋರಿಸಿದರಂತೆ, ನೋಡಿದವರು ಅತ್ತರಂತೆ. ಅಳಲಿ.

ಅಕ್ಕೋರನ್ನು ಮಾತ್ರ ಯಾರೂ ಮರೆಯಲಿಲ್ಲ. ದಾಖಲೆಯಲ್ಲಿ ಸುಳ್ಳು ಜನ್ಮದಿನಾಂಕ ಬರೆದ ತಪ್ಪಿಗೆ ಅವರ ಇಲಾಖೆಯವರು ಅಮಾನತು ಮಾಡಿದರು. ತಾವೇ ಬರೆದುಕೊಟ್ಟಿದ್ದರಲ್ಲ, ಬೇರೆ ಸಾಕ್ಷಿ ಯಾತಕ್ಕೆ ಬೇಕು? ಆದರೆ ಅದೇ ಅಮಾನತಿನ ವರ್ಷ ನನ್ನ ಕೈಗೆ ಬಂದ ಸಾಲಿ ಬಿಟ್ಟ ಸರ್ಟಿಫಿಕೇಟಿನಲ್ಲಿ ಅದೇ ತಾರೀಖು ಹಾಗೇ ಇತ್ತು, ಸಹಿ ಶಿಕ್ಕೆಯೊಂದಿಗೆ. ಅಲ್ರೀ, ನಾನು ಕೇಳುವುದು ಇಷ್ಟೇ. ಅದು ಸುಳ್ಳಾಗಿದ್ದರೆ ತಿದ್ದಬೇಕಿತ್ತು, ಸಿನಿಮಾದವರನ್ನು ಹಿಡಿಯಬೇಕಿತ್ತು. ಖರೆಯಾಗಿದ್ದರೆ ಆ ಹೆಣ್ಣುಮಗಳಿಗೆ ಯಾತರ ಶಿಕ್ಷೆ? ಒಂದೇ ಸಾಲು, ಅಕ್ಕೋರನ್ನು ಹೊಡೆಯುವಾಗ ಸುಳ್ಳು, ಮ್ಯಾನೇಜರನನ್ನು ಕಾಯುವಾಗ ಖರೆ. ಊರಲ್ಲಿ ಒಬ್ಬರೂ ಇದನ್ನು ಕೇಳಲಿಲ್ಲ. ನನಗೂ ಆಗ ಕೇಳುವ ಬುದ್ಧಿ ಬಂದಿರಲಿಲ್ಲ. ಅವರು ನಿವೃತ್ತರಾದ ದಿನ ಟ್ರ್ಯಾಕ್ಟರ್ ಕಟ್ಟಲಿಲ್ಲ, ಹಲಗೆ ಬಾರಿಸಲಿಲ್ಲ. ಕೋಣೆಯಲ್ಲಿದ್ದ ತಮ್ಮ ಛತ್ರಿ ಒಯ್ಯಲು ಬಂದಿದ್ದರಂತೆ, ಹುನಗುಂದದ ತಮ್ಮ ಮನೆಗೆ ಹೋದರಂತೆ.

ಆಮೇಲೆ ಅವರನ್ನು ನೋಡಿದ್ದು ಒಂದೇ ಸಲ, ಇಳಕಲ್ ಬಸ್‌ಸ್ಟ್ಯಾಂಡಿನಲ್ಲಿ. ನಾನು ಆಗ ಕಾಲೇಜು. ದೂರದಿಂದಲೇ ಗುರುತು ಹಿಡಿದು, ನಿಂತಿದ್ದ ಬಸ್ಸಿನ ಹಿಂದೆ ಅಡಗಿಕೊಂಡೆ. ಅವರ ಕಣ್ಣಿಗೆ ಬೀಳದೆ ಇರುವುದುಂಟೇ? "ಏ ಹುಡುಗಿ, ಬಾ ಇಲ್ಲೆ" ಎಂದು ಕೂಗಿದರು. ಹೋದೆ. ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, "ಕಣ್ಣು ಹೆಂಗೈತಿ?" ಎಂದು ಕೇಳಿದರು. ಬಿಸಿಲಿಗೆ ನೀರು ಬರುತ್ತದೆ, ಉಳಿದಂತೆ ಆರಾಮ ಎಂದೆ. ಓದು ಬಿಡಬೇಡ ಎಂದರು. ಬಸ್ಸು ಬಂತು, ಹತ್ತಿದರು. ಹದಿನಾಲ್ಕು ಎಂದ ಆ ಮಾತಿನ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ತಪ್ಪಾಯಿತು ಎನ್ನಲು ಎಷ್ಟು ಹೊತ್ತು ಬೇಕಿತ್ತು...

ಈ ಮಳೆಗಾಲದಲ್ಲಿ ಅಕ್ಕೋರು ತೀರಿಕೊಂಡರು. ನನಗೆ ಗೊತ್ತಾದದ್ದು ಹದಿನೈದು ದಿನ ಕಳೆದ ಮೇಲೆ. ಹುನಗುಂದಕ್ಕೆ ಹೋಗಿ ಅವರ ಮಗಳನ್ನು ಮಾತಾಡಿಸಿಕೊಂಡು ಬಂದೆ. ಬಸ್ಸಿನಲ್ಲಿ ಮುಲಾಮಿನ ವಾಸನೆ ಬಡಿದದ್ದು ಅವತ್ತೇ. ಅಮಾನತಿನ ಕಲೆ ಕೊನೆಯವರೆಗೂ ಹೋಗಲಿಲ್ಲ, ಅದನ್ನೇ ಮನಸ್ಸಿಗೆ ಹಚ್ಚಿಕೊಂಡಿದ್ದರು ಎಂದು ಮಗಳು ಹೇಳಿದಳು. ನನ್ನ ಮೇಲೆ ಸಿಟ್ಟಿದ್ದರೇನು ಎಂದು ಕೇಳಿದೆ. "ನಿಮ್ಮ ಮ್ಯಾಲ ಯಾಕ್ರಿ? ಕೂಸಿಗೇನು ತಿಳೀತದ, ಕೇಳಿದವರಿಗೆ ತಿಳೀಬೇಕಿತ್ತು ಅಂತಿದ್ಲು ಅವ್ವ" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದು ಒಂದು ಅರ್ಜಿ ಬರೆದೆ. ನಾನು ಹೇಳಿದ್ದು ಸುಳ್ಳು, ಅಕ್ಕೋರು ಹೇಳಿದ್ದೇ ಖರೆ, ಅವರ ಮೇಲಿನ ತಪ್ಪನ್ನು ತೆಗೆದುಹಾಕಬೇಕು ಎಂದು. ಜೊತೆಗೆ ತಾಯಿ ಕಾರ್ಡು ಇಟ್ಟುಕೊಂಡು ಶಿಕ್ಷಣ ಇಲಾಖೆಯ ಆಫೀಸಿಗೆ ಹೋದೆ. ಕಿಟಕಿಯೊಳಗಿದ್ದವನು ಎರಡು ಸಾಲು ಓದಿ, "ತೀರಿಕೊಂಡವರ ಫೈಲ್ ಮುಚ್ಚೇತ್ರಿ. ಈಗ ಇದನ್ನ ತಗೊಂಡು ಏನ ಮಾಡೂದೈತಿ?" ಎಂದ. ನಾನು ಕಿಟಕಿ ಬಿಟ್ಟು ಸರಿಯಲಿಲ್ಲ. ಹಿಂದೆ ನಿಂತವರು ಗೊಣಗಿದರು, ನಾನು ಅವರನ್ನೂ ಗದರಿದೆ. ಕೊನೆಗೆ ಅವನು ಬೇಸರದಿಂದ ಬಂದ ಅರ್ಜಿಗಳನ್ನು ಬರೆದುಕೊಳ್ಳುವ ಆವಕದ ಪುಸ್ತಕ ತೆರೆದು ನನ್ನ ಹೆಸರು ಕೇಳಿದ, ಊರು ಕೇಳಿದ, ಆಮೇಲೆ ವಯಸ್ಸು ಕೇಳಿದ.

"ಇಪ್ಪತ್ತು" ಎಂದೆ. ಜೀವನದಲ್ಲಿ ಮೊದಲ ಸಲ ಒಬ್ಬ ಸರ್ಕಾರಿ ಮನುಷ್ಯನ ಎದುರಿಗೆ ನಿಂತು ನನ್ನ ಖರೆ ವಯಸ್ಸು ಹೇಳಿದೆ. ಕೇಳಿಸಿಕೊಳ್ಳಲು ಅಕ್ಕೋರು ಇರಲಿಲ್ಲ.

ಅವನು ನನ್ನ ಆಧಾರ್ ಕಾರ್ಡು ಇಸಿದುಕೊಂಡು ನೋಡಿ, ಇಪ್ಪತ್ತೆರಡು ಎಂದು ಬರೆದುಕೊಂಡ.